ಗುಂಡಿಯ ಬುಡಕ್ಕೆ ಏಳು ಸುತ್ತು

"ಹಿಡಿಯೋದಾದ್ರೆ ಹಿಡಿದುಬಿಡಿ. ದಿನಾ ಬಂದು ಎದುರಿಗೆ ಕೂತು ನನ್ನ ಜೀವ ತಿನ್ನಬೇಡಿ."

ಟೈಲರ್ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಇನ್‌ಸ್ಪೆಕ್ಟರ್ ಅಲ್ಲಾಡಲಿಲ್ಲ. ಎಂಟು ದಿನದಿಂದ ಇದೇ ಆಟ. ಯೂನಿಫಾರಂ ಒಂದು ದಿನ ಸಡಿಲ ಅಂತ ಬರುತ್ತಾನೆ, ಇನ್ನೊಂದು ದಿನ ಬಿಗಿ ಅಂತ.

"ಹಿಡೀತೀನಿ ಅಂತ ಯಾರಂದ್ರು?"

"ಬೂಟಿನ ಸದ್ದಾದ್ರೆ ಸೂಜಿ ಬೆರಳಿಗೇ ಹೋಗತ್ತೆ. ನೋಡಿ."

ಎಂಟು ದಿನದ ಹಿಂದೆ, ಇದೇ ಕಟ್ಟಡದ ಮೆಟ್ಟಿಲ ಮೇಲೆ, ಕಟ್ಟಡದ ಮಾಲೀಕ ಅವಳನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅವಳು ನೂಕಿದಳು. ಅವನು ಉರುಳಿದ, ಏಳಲಿಲ್ಲ. ಯಾರೂ ನೋಡಿರಲಿಲ್ಲ. ಅಂಗಡಿಯೊಳಗೆ ಬಂದು ನೋಡಿಕೊಂಡರೆ ಸ್ವೆಟರಿನ ಒಂದು ಗುಂಡಿ ಇಲ್ಲ.

'ಪೊಲೀಸರಿಗೆ ಸಿಕ್ಕಿರತ್ತೆ… ಇವತ್ತು ಬರ್ತಾರೆ… ನಾಳೆ ಬರ್ತಾರೆ…'

ಇನ್‌ಸ್ಪೆಕ್ಟರ್ ಜೇಬಿನಿಂದ ಆ ಗುಂಡಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ಹೆಣದ ಮುಷ್ಟೀಲಿತ್ತು. ಬುಡಕ್ಕೆ ಏಳು ಸುತ್ತು ದಾರ. ಬೇರೆ ಯಾವ ಟೈಲರಿಗೆ ಅಷ್ಟು ಪುರುಸೊತ್ತು? ನನ್ನ ಎದೆ ಮೇಲೆ ನೀನು ಹಾಕಿದ ಗುಂಡಿ ನೋಡ್ಕೊಂಡೆ, ಅದಕ್ಕೂ ಏಳೇ. ಮಹಜರಿನಲ್ಲಿ ಬರೀಲಿಲ್ಲ."

"ಯಾಕೆ?"

"ಈ ಎಂಟು ದಿನ ಬಿಡು, ಅದಕ್ಕೂ ಮುಂಚೆ ಹತ್ತು ತಿಂಗಳಲ್ಲಿ ಹನ್ನೊಂದು ಸಲ ರಿಪೇರಿಗೆ ತಂದಿದೀನಿ. ನೀನು ಅಷ್ಟು ಕೆಟ್ಟದಾಗಿ ಹೊಲೀತೀಯ ಅಂದ್ಕೊಂಡ್ಯಾ?"

'ಹಿಡಿಯೋಕಲ್ಲ… ನನ್ನ ಕಾಯೋಕೆ ಬರ್ತಿದ್ದನಾ…'

ನಗು ಬಂತು, ಅದರ ಹಿಂದೆಯೇ ಅಳು. ಆಮೇಲೆ ನೆನಪಾಯಿತು.

"ವಾಚ್‌ಮನ್?"

ಇನ್‌ಸ್ಪೆಕ್ಟರ್ ತಲೆ ತಗ್ಗಿಸಿದ. ಮಾಲೀಕನ ಜೊತೆ ಜಗಳವಾಡಿದ್ದ, ಅವನೇ ಕೊಂದಿರಬೇಕೆಂದು ಆ ಕಟ್ಟಡದ ವಾಚ್‌ಮನ್ನನ್ನು ಒಳಗೆ ಹಾಕಿದ್ದರು.

"ಅವನ ಹೆಂಡತಿ ಬೆಳಿಗ್ಗೆ ನನ್ನ ಅಂಗಡಿಗೆ ಬಂದಿದ್ಲು. ಗಂಡ ನಾಳೆ ಕೋರ್ಟಿಗೆ ಹರಿದ ಅಂಗೀಲಿ ನಿಲ್ಲಬಾರದಂತೆ. ನಾನೇ ಹೊಲಿದುಕೊಟ್ಟೆ. ಈ ಕೈಯಲ್ಲೇ."

"ಅವನು ಇವತ್ತಲ್ಲ ನಾಳೆ ಬಿಡುಗಡೆ ಆಗ್ತಾನೆ."

"ಯಾವ ನಾಳೆ? ಮೂರು ವರ್ಷದ ಮೇಲಾ? ನಾನೇ ಠಾಣೆಗೆ ಹೋಗಿ ಹೇಳ್ತೀನಿ, ಮಾಲೀಕ ಮೆಟ್ಟಿಲ ಮೇಲೆ ನನ್ನ ಹಿಡ್ಕೊಂಡ, ನಾನು ನೂಕಿದೆ ಅಂತ."

"ಹುಚ್ಚೀ, ಅವನು ನಿನ್ನ ಹಿಡ್ಕೊಂಡ ಅನ್ನೋದನ್ನ ಯಾರು ನಂಬ್ತಾರೆ? ಏನು ಸಾಕ್ಷಿ ಇದೆ…"

ಇಬ್ಬರೂ ಗುಂಡಿಯನ್ನು ನೋಡಿದರು. ದಾರ ಸಮೇತ ಕಿತ್ತು ಬಂದ ಗುಂಡಿ, ಸತ್ತವನ ಮುಷ್ಟಿಯಲ್ಲಿ. ಅವನೇ ಅವಳ ಮೈಗೆ ಕೈ ಹಾಕಿದ್ದಕ್ಕೆ ಅದೊಂದೇ ಸಾಕ್ಷಿ. ಉಳಿಸುತ್ತೇನೆಂದು ಇವನು ಬಚ್ಚಿಟ್ಟದ್ದು ಅದನ್ನೇ. ಪ್ರೀತಿ ಬಂದರೆ ಪೊಲೀಸನ ತಲೆಯೂ ಕೆಡುತ್ತದೆ.

"ಇದನ್ನ ತಗೊಂಡು ಹೋದ್ರೆ ನಿಮ್ಮನ್ನ ಬಿಡ್ತಾರಾ?" ಅವಳು ಕೇಳಿದಳು.

"ಬಿಡಲ್ಲ. ಸಾಕ್ಷಿ ಮುಚ್ಚಿಟ್ಟಿದೀನಿ. ಕೆಲಸ ಹೋಗತ್ತೆ, ಒಳಗೂ ಹಾಕ್ತಾರೆ."

"ಬೇಡ. ಗುಂಡಿ ಇಲ್ಲದೇ ಹೇಳ್ತೀನಿ."

"ಆಗ ನಿನ್ನನ್ನ ಕೊಲೆಗಾತಿ ಅಂತಾರೆ." ಅವನು ಗುಂಡಿ ಎತ್ತಿಕೊಂಡು ಎದ್ದ. "ಮೊದಲು ನಾನು ಹೋಗಿ ಬರೆದುಕೊಡ್ತೀನಿ. ಒಂದು ಗಂಟೆ ಬಿಟ್ಟು ನೀನು ಬಾ."

"ಆಮೇಲೆ ಹೊಟ್ಟೆಗೇನು ಮಾಡ್ತೀಯಾ?"

ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬಾಗಿಲಲ್ಲಿ ನಿಂತ.

"ನಿನ್ನ ಹತ್ರ ಗುಂಡಿ ಹಾಕೋದು ಕಲೀತೀನಿ."

"ನಿನ್ನ ದಪ್ಪ ಬೆರಳಿಗೆ ಬರಲ್ಲ ಅದು."

"ಕಾದು ನೋಡು."

ಅವನು ರಸ್ತೆ ದಾಟಿ ಹೋದ. ಒಂದು ಗಂಟೆ ಅವಳು ಗೋಡೆ ಗಡಿಯಾರವನ್ನೇ ನೋಡುತ್ತ ಕೂತಳು. ಅವನು ವಾಪಸು ಬರಲಿಲ್ಲ. ಬಾಗಿಲೆಳೆದು ಬೀಗ ಹಾಕಿದಳು. ಠಾಣೆಯ ಕಡೆ ನಡೆದಳು.