ನಾಲ್ಕು ಅಡಿ ಮೂಡಲಕ್ಕೆ

ಗಡಿಕೋಲಿನ ಕೆಂಪು ಗೆರೆ ಬಿದ್ದದ್ದು ನೀಲವ್ವನ ಮಗ್ಗದ ಕುಣಿಯ ನಟ್ಟನಡುವೆ. ಎದೆಮಟ್ಟದ ಆ ಕೋಲನ್ನು ನೆಲಕ್ಕೆ ಊರಿದರೆ ಸಾಕು, ಉಪಗ್ರಹಗಳನ್ನು ಕೇಳಿ ತಾನಿರುವ ಜಾಗವನ್ನು ಅಕ್ಕಿಕಾಳಿನಷ್ಟೂ ತಪ್ಪದೆ ತಿಳಿದುಕೊಂಡು, ದಾಖಲೆಯಲ್ಲಿರುವ ಗಡಿಯನ್ನು ಬೆಳಕಿನಲ್ಲಿ ಬರೆದು ತೋರಿಸುತ್ತಿತ್ತು. 2063ರಲ್ಲಿ, ನಾಡಿನಲ್ಲಿ ಇನ್ನು ಗಡಿಜಗಳವೇ ಇರಬಾರದೆಂದು ಮಾಡಿದ ಯಂತ್ರ ಅದು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಾತ್ರ ಅದು ಬಂದ ಮೇಲೆಯೇ ಜಗಳ ಶುರುವಾಯಿತು.

ಗೆರೆಯಿಂದ ಮೂಡಲಿಗಿರುವುದೆಲ್ಲ ಪಕ್ಕದ ಮನೆಯ ಬಸಲಿಂಗಪ್ಪನ ಜಾಗವೆಂದೂ, ನಾಳೆ ಮಧ್ಯಾಹ್ನದೊಳಗೆ ನೀಲವ್ವ ಗೋಡೆ ಕೆಡವಿ ಕುಣಿ ಮುಚ್ಚಬೇಕೆಂದೂ ಭೂದಾಖಲೆ ಕಚೇರಿಯಿಂದ ಆದೇಶವಾಗಿತ್ತು. ಕುಣಿ ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂಡುವ ತಗ್ಗು. ಮಗ್ಗವನ್ನು ಅದರ ಸುತ್ತಲೇ ನೆಟ್ಟಿರುತ್ತಾರೆ, ಮಂಚದ ಹಾಗೆ ಎತ್ತಿ ಇನ್ನೊಂದು ಕಡೆ ಹಾಕಲಾಗುವುದಿಲ್ಲ. ಮನೆಯಲ್ಲಿ ಬೇರೆ ಜಾಗವೂ ಇರಲಿಲ್ಲ. ಕುಣಿ ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಅರವತ್ತೆರಡರ ನೀಲವ್ವನ ಅನ್ನವೇ ಹೋಯಿತು.

ಬಸಲಿಂಗಪ್ಪನಿಗೆ ಇದರಿಂದ ಖುಷಿಯಾಗಿತ್ತೆಂದು ಯಾರೂ ತಿಳಿಯಬಾರದು. "ನಾ ಕೇಳಿಲ್ಲಬೇ ಅಕ್ಕಾ," ಎಂದು ಅವನು ಬೆಳಗಿನಿಂದ ನಾಲ್ಕು ಸಲ ಹೇಳಿದ್ದ. "ನಿಂದು ನಾಕ ಅಡಿ ತಗೊಂಡು ಏನ್ ಮಾಡ್ಲಿ? ನನ್ನ ಅಡಗಿಮನಿ ಆಚಿಗಿನವರ ಪಾಲಾಗೇತಿ."

ಕೋಲನ್ನು ಕಂಡುಹಿಡಿದ ಡಾ. ಮಾಲತಿ ಕೊಣ್ಣೂರ ಧಾರವಾಡದಿಂದ ಬಂದಿದ್ದಳು. ಮೂರು ಸಲ ಕೋಲನ್ನು ಬಿಚ್ಚಿ ಜೋಡಿಸಿದಳು. ಮೂರು ಸಲವೂ ಗೆರೆ ಅಲ್ಲೇ ಬಿತ್ತು. ಯಂತ್ರ ಕೆಟ್ಟಿಲ್ಲವೆಂದರೆ ದಾಖಲೆ ಕೆಟ್ಟಿರಬೇಕು. ಅದನ್ನೂ ತೆಗೆದು ನೋಡಿದಳು, 2032ರಲ್ಲಿ ಉಪಗ್ರಹದಿಂದ ಮಾಡಿದ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇನ್ನು ಉಳಿದದ್ದು ಮನುಷ್ಯರು.

"ನೀಲವ್ವಾರ, ಈ ಗೋಡಿ ಯಾವಾಗರ ಸರಿಸಿ ಕಟ್ಟಿಸೀರೇನ್ರಿ?"

"ನಮ್ಮತ್ತಿ ಕಟ್ಟಿಸಿದ ಗೋಡಿ ಇದು. ಸುಣ್ಣ ಹಚ್ಚೋದು ಬಿಟ್ರ ನಾ ಅದಕ್ಕ ಏನೂ ಮಾಡಿಲ್ರಿ."

ಮಾಲತಿ ಓಣಿಯ ಇಪ್ಪತ್ಮೂರೂ ಮನೆಗಳಲ್ಲಿ ಕೋಲು ಊರಿದಳು. ಎಲ್ಲ ಮನೆಗಳೂ ಮೂಡಲಕ್ಕೆ ನಾಲ್ಕು ಅಡಿ ಚಿಲ್ಲರೆ, ಬಡಗಲಿಗೆ ಮೂರೂವರೆ ಅಡಿ ಒತ್ತಿ ಬಂದಿದ್ದವು. ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ಕಳ್ಳರಲ್ಲಿ ಇಷ್ಟು ಶಿಸ್ತಿರುವುದುಂಟೇ? ಅವಳ ತಲೆ ಚಿಟ್ಟು ಹಿಡಿಯಿತು. ವಾಪಸು ಬಂದು ನೀಲವ್ವನ ಹೊಸ್ತಿಲ ಮೇಲೆ ಕುಕ್ಕರಿಸಿದಳು. ನೀಲವ್ವ ಲಾಳಿ ಒಗೆಯುವುದನ್ನು ನಿಲ್ಲಿಸಿ ಅವಳಿಗೆ ನೀರು ಕೊಟ್ಟಳು.

"ಬಾಯಾರ, ಒಂದ ಎಳಿ ಸರಿದ್ರ ಅದು ನೇಯ್ದಾಕಿ ತಪ್ಪು. ಎಲ್ಲಾ ಎಳಿ ಕೂಡೇ ಒಂದ ಕಡಿ ಸರಿದಿದ್ರ ಮಗ್ಗನ ಸರಿದಿರ್ತೈತಿ. ನೀವು ಎಳಿ ಹಿಡಕೊಂಡು ಯಾಕ ಬಡದಾಡ್ತೀರಿ?"

ಮಾಲತಿ ಕುಡಿಯುತ್ತಿದ್ದ ನೀರನ್ನು ಕೆಳಗಿಟ್ಟಳು. ಶಾಲೆಯಲ್ಲಿ ಬರೆದು, ಅಂಕ ಪಡೆದು, ಮರೆತೇಬಿಟ್ಟಿದ್ದ ಪಾಠ ಅದು. ಭೂಮಿಯ ಹೊರಗಿನ ಗಟ್ಟಿ ಪದರ ಇಡೀ ಒಂದೇ ತುಂಡಲ್ಲ. ಒಡೆದು ಹೋಳುಹೋಳಾಗಿದೆ, ಆ ಹೋಳುಗಳೇ ಭೂಫಲಕಗಳು. ಅವುಗಳ ಕೆಳಗಿನ ಕಾದ ಬಂಡೆ ಗಟ್ಟಿಯಾಗಿಯೇ ಇದ್ದು, ಬಲು ನಿಧಾನವಾಗಿ ಹರಿಯುತ್ತದೆ. ನಾವು ಕೂತಿರುವ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್, ಅಂದರೆ ಮೂರು ಬೆರಳಗಲ, ಸರಿಯುತ್ತ ಹೋಗಿ ಹಿಮಾಲಯವನ್ನು ಎತ್ತಿ ನಿಲ್ಲಿಸಿದೆ. ಮೂರು ಬೆರಳು ಯಾವ ಲೆಕ್ಕ ಎಂದು ಬಿಟ್ಟದ್ದು ಮೂವತ್ತೊಂದು ವರ್ಷದಲ್ಲಿ ಒಂದು ಕುಣಿಯಷ್ಟಾಗಿತ್ತು.

"ನಿಮ್ಮ ಗೋಡಿ ಸರಿದಿಲ್ರಿ. ನೆಲಾನ ಸರದೈತಿ."

ನೀಲವ್ವ ನೆಲವನ್ನು ಒಮ್ಮೆ ನೋಡಿದಳು. "ಇದು ಕಲ್ಲಿನ ಮ್ಯಾಲಿನ ಊರ್ರಿ. ಸರಿದ್ರ ನಮಗ ಗೊತ್ತಾಗಬೇಕಲ್ಲ?"

"ಬಸಲಿಂಗಪ್ಪನೋರ ಮನಿ, ಗುಡಿ, ಧಾರವಾಡ, ದಿಲ್ಲಿ ಎಲ್ಲಾ ನಿಮ್ಮ ಕೂಡೇ ಹೊಂಟಾವ. ಯಾವುದನ್ನ ನೋಡಿ ಗೊತ್ತು ಮಾಡ್ಕೋತೀರಿ?"

"ಹಂಗಾರ ಕೋಲು ಸುಳ್ಳು ಹೇಳತೈತೇನ್ರಿ?"

"ಖರೇನ ಹೇಳತೈತಿ. ಆದ್ರ ಮೂವತ್ತೊಂದು ವರ್ಷದ ಹಿಂದ ನಿಮ್ಮ ಮನಿ ಎಲ್ಲಿತ್ತೋ ಅದನ್ನ ಹೇಳತೈತಿ."

ನೀಲವ್ವನಿಗೆ ಇದು ಪೂರ್ತಿ ತಿಳಿಯಲಿಲ್ಲ. ಮಾಲತಿಗಾದರೂ ತಿಳಿದದ್ದು ಅರ್ಧವೇ. ಕೋಲೂ ಸರಿ, ದಾಖಲೆಯೂ ಸರಿ, ಗೋಡೆಯೂ ಸರಿ ಎಂದಾದರೆ ಕಚೇರಿಗೆ ಬರೆಯುವುದೇನು? ಕೊನೆಗೆ ಅವಳು ಮನೆಯ ಹಳೆಯ ಪತ್ರ ಕೇಳಿದಳು. ನೀಲವ್ವ ಅತ್ತೆಯ ಟ್ರಂಕಿನಿಂದ ತೆಗೆದುಕೊಟ್ಟ ಹಾಳೆಯಲ್ಲಿ ಚಕ್ಕುಬಂದಿ ಇತ್ತು. ಪೂರ್ವಕ್ಕೆ ಬಸಲಿಂಗಪ್ಪನ ಅಜ್ಜನ ಹಿತ್ತಲು, ಪಶ್ಚಿಮಕ್ಕೆ ಓಣಿ, ದಕ್ಷಿಣಕ್ಕೆ ಸೇದುವ ಬಾವಿ, ಉತ್ತರಕ್ಕೆ ಮಠದ ಗೋಡೆ. ನಾಲ್ಕೂ ಈಗಲೂ ಅಲ್ಲಲ್ಲೇ ಇದ್ದವು. ನೆರೆಯವರ ಹೆಸರು ಹೇಳಿ ಬರೆದ ಗಡಿ ನೆರೆಯವರ ಜೊತೆಗೇ ಸರಿದು ಬಂದಿತ್ತು. 2032ರ ಕಾನೂನು ಇದನ್ನೇ ಕಿತ್ತು ಹಾಕಿ, ಗಡಿಯನ್ನು ಉಪಗ್ರಹ ಕೊಟ್ಟ ಅಂಕಿಗಳಲ್ಲಿ ಬರೆಸಿತ್ತು. ಮನುಷ್ಯರು ರಾತ್ರೋರಾತ್ರಿ ಗಡಿಕಲ್ಲು ಸರಿಸುತ್ತಾರೆ, ಆಕಾಶ ಸರಿಸುವುದಿಲ್ಲ ಎಂಬುದು ಅದರ ವಾದ.

ಮಾಲತಿ ಅಲ್ಲೇ ಕೂತು ಬರೆದಳು: ಗೆರೆ ಹಳೆಯದು, ಏನನ್ನೂ ಕೆಡವಬಾರದು, ತಪ್ಪು ನನ್ನದು. ಸಹಿ ಮಾಡಿ ಕಳಿಸಿದಳು. ಸಂಜೆಯೊಳಗೆ ಆದೇಶ ರದ್ದಾಯಿತು. ಬಸಲಿಂಗಪ್ಪ ಎಲ್ಲರಿಗೂ ಚಹಾ ತಂದ.

ನೀಲವ್ವ ಮತ್ತೆ ಕುಣಿಗೆ ಇಳಿದು ಲಾಳಿ ಕೈಗೆತ್ತಿಕೊಂಡಳು. "ಈ ಕೋಲು ಮದಲ ನಮ್ಮೂರಿಗೇ ಬಂತೇನ್ರಿ?"

"ಇಲ್ರಿ. ನಿಮ್ಮೂರು ಹದಿನೇಳನೇದು."

"ಆ ಹದಿನಾರು ಊರಾಗ ಎಷ್ಟು ಗೋಡಿ ಬಿದ್ದಾವ್ರಿ?"

"ಮುನ್ನೂರಾ ಹನ್ನೆರಡು," ಎಂದಳು ಮಾಲತಿ. ಅಲ್ಲೆಲ್ಲ ಜಗಳವೇ ಆಗಿರಲಿಲ್ಲ. ಯಂತ್ರವೇ ಹೇಳಿದ ಮೇಲೆ ತಮ್ಮ ಹಿರಿಯರೇ ಕದ್ದಿರಬೇಕೆಂದುಕೊಂಡು, ನಾಚಿಕೆಯಿಂದ ಜನ ತಾವಾಗಿಯೇ ಕೆಡವಿದ್ದರು.

"ಅವರ ಮನ್ಯಾಗೂ ಪತ್ರ ಇರಬೇಕಲ್ರಿ?"

"ಹೊಸಾ ದಾಖಲೆ ಕೊಟ್ಟಾಗ ಹಳೇವು ಬ್ಯಾಡಂತ ಎಲ್ಲಾರೂ ಒಲಿಗೆ ಹಾಕ್ಯಾರ."

ಅದು 2063ರ ಮಾತು; ನೀವು ಇದನ್ನು ಓದುತ್ತಿರುವ ಇವತ್ತು ಆ ಪತ್ರಗಳು ಇನ್ನೂ ಸುಟ್ಟುಹೋಗಿಲ್ಲ. ನಮ್ಮ ನಿಮ್ಮ ಟ್ರಂಕುಗಳ ತಳದಲ್ಲಿ ಮಡಚಿಕೊಂಡು ಬಿದ್ದಿವೆ, ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ಹೆಸರು ಹಿಡಿದು ಹೇಳುತ್ತ.