ಬಿಸಿಲಿರುವಾಗಲೇ ತಾತನ ಊಟ

"ಬಾಯಿ ತೆಗಿ ತಾತ, ಬೇಗ. ಹೊತ್ತು ಮುಳುಗ್ತಾ ಐತೆ."

ರಾಜೀಮತಿ ಹಾಲು ಅನ್ನದ ತುತ್ತನ್ನು ತಾತನ ಬಾಯಿಗಿಟ್ಟಳು. ಕಿಟಕಿಯಾಚೆ ಎದುರುಮನೆಯ ಹೆಂಚಿನ ಮೇಲೆ ಒಂದು ಗೆರೆಯಷ್ಟು ಬಿಸಿಲು ಉಳಿದಿತ್ತು. ಅವರದು ಜೈನರ ಮನೆ. ಕತ್ತಲಾದ ಮೇಲೆ ಯಾರೂ ತಿನ್ನುವುದಿಲ್ಲ. ಲಾಟೀನು ಹಚ್ಚುವ ಹೊತ್ತಿಗೆ ಒಲೆ ಆರಿರುತ್ತದೆ, ಪಾತ್ರೆಗಳನ್ನೂ ತೊಳೆದು ಮಗುಚಿಟ್ಟಿರುತ್ತಾರೆ.

ತಾತ ಚಂದ್ರಯ್ಯನವರಿಗೆ ಚನ್ನರಾಯಪಟ್ಟಣದ ಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಅಂಗಡಿ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದವು, ಮಾತು ತೊದಲಿತು. ಹಾಸನದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಎಡಗೈಯಲ್ಲಿ ಊಟ ಮಾಡಲು ಅವರಿಗೆ ಮನಸ್ಸು ಬಾರದು. ಹಾಗಾಗಿ ಸಂಜೆ ತಿನ್ನಿಸುವ ಕೆಲಸ ರಾಜಿಯದು. ಅದರ ಬಗ್ಗೆ ಅವಳಿಗೆ ಜಂಬ ಬೇರೆ. "ನಾನು ತಿನ್ಸಿದ್ರೇನೇ ನಮ್ ತಾತ ತಿನ್ನೋದು" ಎಂದು ಸ್ಕೂಲಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ಪಡಸಾಲೆಯಲ್ಲಿ ಅಪ್ಪ ಜಿನರಾಜ ಮತ್ತು ಸೋದರಮಾವ ಪದ್ಮರಾಜ ಮಾತಾಡುತ್ತಿದ್ದರು.

"ಭಾವ, ಹಳ್ಳಿಮೈಸೂರು ಕಡೆ ಒಬ್ಬ ಪಂಡಿತ್ರು ಅವ್ರೆ. ಎಣ್ಣೆ ಹಚ್ಚಿ, ಸೊಪ್ಪು ಕಟ್ಟಿ ಮಲಗಿಸ್ತಾರೆ. ಮೂರು ತಿಂಗ್ಳು ಅಲುಗಾಡಂಗಿಲ್ಲ. ಅವ್ರ ಮನೇಲೇ ಬಿಟ್ಟು ಬರ್ಬೇಕು."

"ಡಾಕ್ಟ್ರು ಕೈ ಆಡಿಸ್ತಾ ಇರಿ ಅಂದ್ರಲ್ಲಯ್ಯ," ಅಂದರು ಅಪ್ಪ. "ಊಟ ಗೀಟ ಎಲ್ಲ ಅವ್ರೇ ಮಾಡ್ಕೊಳ್ಳಿ ಅಂದ್ರು. ಮಾಡಿಸ್ತಾನೇ ಇದೀವಿ. ಕೈ ಮಾತ್ರ ಅಂಗೇ ಬಿದ್ದೈತೆ. ಆಯ್ತು, ಬರೋ ಸೋಮವಾರ ಬಸ್ಸಿಗೆ ಕರ್ಕೊಂಡು ಓಗಾಣ."

ತಾತ ಅಗಿಯುವುದನ್ನು ನಿಲ್ಲಿಸಿದರು. ಅವರ ಕಣ್ಣು ತುಂಬಿತು. ರಾಜಿ ಹತ್ತಿರಕ್ಕೆ ಬಗ್ಗಿದಳು.

"ನಿಂಗೆ ಅಲ್ಲಿಗೋಗೋಕೆ ಇಷ್ಟಾನಾ ತಾತ?"

ತಾತ ಇಲ್ಲವೆಂದು ತಲೆಯಾಡಿಸಿದರು. "ಮ... ಮನೆ," ಅಂದರು. ಆಮೇಲೆ ತಮ್ಮ ಬಲಗೈಯನ್ನೇ ನೋಡಿದರು. ಬೆರಳುಗಳು ತಟ್ಟೆಯ ಕಡೆಗೆ ಚೂರು ಸರಿದವು. ರಾಜಿ ಅಭ್ಯಾಸಬಲದಿಂದ ತುತ್ತು ಎತ್ತಿದಳು. ತಾತ ಮುಖ ತಿರುಗಿಸಿಕೊಂಡರು.

ರಾಜಿಯ ಕೈ ಗಾಳಿಯಲ್ಲೇ ನಿಂತಿತು. ಮಾಡಿಸ್ತಾನೇ ಇದೀವಿ ಅಂದರಲ್ಲ ಅಪ್ಪ, ಎಲ್ಲಿ ಮಾಡಿಸಿದ್ದು? ಬೆಳಿಗ್ಗೆ ಅಮ್ಮನಿಗೆ ಕೆಲಸದ ಅವಸರ, ಅವಳು ತಿನ್ನಿಸುತ್ತಾಳೆ. ಸಂಜೆ ಹೊತ್ತು ಮುಳುಗುವ ಅವಸರ, ತಿನ್ನಿಸುವುದು ತಾನು. ಬೇರೆ ದಿನ ಅಪ್ಪ ಅಂಗಡಿಯಿಂದ ಬರುವಷ್ಟರಲ್ಲಿ ತಾತನ ಊಟ ಮುಗಿದಿರುತ್ತದೆ.

ಅವಳು ಎಂಜಲು ಕೈಯಲ್ಲೇ ಪಡಸಾಲೆಗೆ ಓಡಿದಳು. "ಅಪ್ಪಾ, ತಾತ ಒಂದು ತುತ್ತೂ ಅವ್ರೇ ತಿಂದಿಲ್ಲ. ನಾವೇ ತಿನ್ನಿಸ್ಬುಡ್ತೀವಿ."

"ಅವ್ರು ತಿನ್ನೋ ಹೊತ್ತಿಗೆ ಕತ್ಲಾಗೋಯ್ತದೆ ಕಣೆ," ಅಂದಳು ಅಮ್ಮ ಮರುದೇವಿ, ಬಾಗಿಲಿಗೆ ಬಂದು. "ದೊಡ್ಡೋರ್ನ ಹಸ್ಕೊಂಡು ಮಲಗ್ಸೋಕಾಯ್ತದಾ?"

"ಬೇಗ ಶುರು ಮಾಡಾಣ. ಸ್ಕೂಲ್ ಬಿಟ್ಟ ತಕ್ಷಣ ಓಡಿ ಬತ್ತೀನಿ. ಆಗಿನ್ನೂ ಬಿಸ್ಲು ಇರ್ತದೆ."

"ಇವಳ್ಯಾವಾಗ ಡಾಕ್ಟ್ರಾದ್ಲು?" ಮಾವ ನಕ್ಕರು. ಅಪ್ಪ ನಗಲಿಲ್ಲ. ತಾತನ ಕೋಣೆಯ ಕಡೆ ನೋಡಿ, "ಸೋಮವಾರದವರೆಗೂ ನೋಡಾಣ," ಅಂದರು.

ಮರುದಿನ ಅಮ್ಮ ಬೇಗನೆ ಮುದ್ದೆ ಮಾಡಿದಳು. ಅನ್ನದ ಹಾಗೆ ಅದು ಬೆರಳ ಸಂದಿಯಲ್ಲಿ ಜಾರುವುದಿಲ್ಲ. ತಾತ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು ತಟ್ಟೆಗಿಟ್ಟರು. ಚೂರು ಮುದ್ದೆ ಬೆರಳಿಗೆ ಅಂಟಿತು. ಮೇಲೆತ್ತುವಷ್ಟರಲ್ಲಿ ಕೈ ದೊಪ್ಪನೆ ಬಿತ್ತು. ಸಾರು ಪಂಚೆಗೆಲ್ಲ ಸಿಡಿಯಿತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ರಾಜಿಯ ಕೈ ತಾನಾಗಿಯೇ ತಟ್ಟೆಗೆ ಹೋಗುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ ಕೂತಳು. ತಾತನಿಗೆ ತಿನ್ನಿಸುವುದು ಹೀಗೆ ನೋಡುತ್ತಾ ಕೂರುವಷ್ಟು ಕಷ್ಟವಿರಲಿಲ್ಲ.

ಬಿಸಿಲು ಹೆಂಚಿನ ತುದಿಗೆ ಹೋಯಿತು. ಅಮ್ಮ ತಡೆಯಲಾರದೆ ತಿನ್ನಿಸಲು ಬಂದಳು. ತಾತ ಎಡಗೈಯಿಂದ ತಟ್ಟೆ ಮುಚ್ಚಿಕೊಂಡರು. "ಸಾಕು," ಅಂದರು. ಅರೆಹೊಟ್ಟೆಯಲ್ಲೇ ಮಲಗಿದರು.

"ಎಲ್ಲ ನಿನ್ನಿಂದ," ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಾಜಿಗೂ ಅಳು ಬಂತು. ಆದರೂ ಮಾರನೆಯ ದಿನ ಬೆಲ್ ಹೊಡೆದಾಗ ಗೇಟಿನಿಂದ ಮೊದಲು ಓಡಿದವಳು ಅವಳೇ. ಆಮೇಲಿನ ದಿನಗಳಲ್ಲೂ ಅಷ್ಟೆ.

ಭಾನುವಾರ ಮಾವ ಬಸ್ಸಿನ ವಿಷಯ ಮಾತಾಡಲು ಬಂದರು. ತಾತ ಗೋಡೆಗೊರಗಿ ತಟ್ಟೆಯ ಮುಂದೆ ಕೂತಿದ್ದರು. ಬಲಗೈಯಲ್ಲಿ ಮುದ್ದೆಯ ಚೂರು ಮೇಲೆದ್ದಿತು. ನಡುಗುತ್ತಾ ಎದೆಯವರೆಗೆ ಬಂತು, ಗದ್ದಕ್ಕೆ ತಾಗಿತು, ಮೀಸೆಗೆ ಮೆತ್ತಿಕೊಂಡಿತು. ಕೊನೆಗೆ ಬಾಯೊಳಗೆ ಹೋಯಿತು.

ತಾತ ನಿಧಾನವಾಗಿ ನುಂಗಿದರು.

"ಪದ್ಮರಾಜ," ಅಂದರು ಅಪ್ಪ, "ನಾಳೆ ಹಳ್ಳಿಮೈಸೂರು ಬ್ಯಾಡ. ಹಾಸನಕ್ಕೋಗಿ ಡಾಕ್ಟ್ರಿಗೆ ತೋರಿಸ್ಕೊಂಡು, ಸಂಜೆಗೆ ಮನೆಗೆ ಬಂದ್ಬುಡಾಣ."

"ಹೊತ್ತು ಮುಳುಗೋದ್ರೊಳ್ಗೆ," ಅಂದಳು ಅಮ್ಮ.

ಎರಡನೆಯ ತುತ್ತು ಜಾರಿ ತಾತನ ಮಡಿಲಿಗೆ ಬಿತ್ತು. ಅಮ್ಮ ಬಗ್ಗಲು ಹೋಗಿ ರಾಜಿಯ ಮುಖ ನೋಡಿ ನಿಂತಳು. ಎದುರುಮನೆಯ ಹೆಂಚಿನ ಮೇಲೆ ಇನ್ನೂ ಬೇಕಾದಷ್ಟು ಬಿಸಿಲಿತ್ತು. ರಾಜಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿ ಇಟ್ಟುಕೊಂಡು, ತಾತನ ಮೂರನೆಯ ತುತ್ತಿಗೆ ಕಾದು ಕೂತಳು.