ಮೇಸ್ತ್ರಿಯ ಕಣ್ಣು

ಬೆಳಿಗ್ಗೆ 8.20. ದೂರಿಗಿಂತ ಮೊದಲೇ ಆರೋಪಿ ಠಾಣೆಗೆ ಬಂದಿದ್ದ. ಬಂದಿದ್ದನೇನು, ದರದರನೆ ಎಳೆದು ತಂದಿದ್ದರು. ಮಾಂಸದ ಕಾರ್ಖಾನೆಯ ಕಾವಲುಗಾರ. ಮೂರು ಹಲ್ಲು ಉದುರಿದ್ದವು, ಒಂದು ಕಿವಿ ಹರಿದು ಜೋತಾಡುತ್ತಿತ್ತು.

"ನಿನ್ನೆ ಮೇಸ್ತ್ರಿ ಜೊತೆ ಜಗಳ ಆಡಿದ್ದ. ಇವತ್ತು ಕೊಂದಿದ್ದಾನೆ. ನೀವು ಬರ್ಕೊಳ್ತೀರೋ, ನಾವೇ ಮುಗಿಸೋದೋ?" ಕೆಲಸಗಾರರು ಗೇಟು ಅಲುಗಾಡಿಸಿದರು.

ಮ್ಯಾನೇಜರ್ ಕೊಟ್ಟ ದೂರಿನ ಮೇಲೆ ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಕಾವಲುಗಾರನನ್ನು ಲಾಕಪ್ಪಿಗೆ ಹಾಕಿದ್ದು ಅವನ ಜೀವ ಉಳಿಸಲಿಕ್ಕೆ. ಕೊಂದವನು ಬೇಗ ಸಿಗದಿದ್ದರೆ ಆ ಬೀಗವೂ ಉಳಿಯುವಂತಿರಲಿಲ್ಲ.

9.40, ಪಂಚನಾಮೆ. ಕೋಲ್ಡ್ ರೂಮಿನ ಕೊಕ್ಕೆಗೆ ಮೇಸ್ತ್ರಿಯ ಹೆಣ ನೇತುಬಿದ್ದಿತ್ತು. ಮಚ್ಚಿನ ಹಿಂಬದಿಯಿಂದ ಮುಖ ಜಜ್ಜಿ, ಎರಡೂ ಕಣ್ಣು ಒಡೆದಿದ್ದವು. ಹೊರಗಿನ ಹಜಾರದಿಂದ ಹೆಣ ಎಳೆದ ರಕ್ತದ ಪಟ್ಟಿ.

ಬಾಗಿಲಿಗೆ ಕೀಲಿಯಿಲ್ಲ. ಗುಂಡಿ ಒತ್ತಿದರೆ ಪರದೆಯ ಮೇಲೊಂದು ಚುಕ್ಕೆ ಓಡುತ್ತದೆ, ಕಣ್ಣು ಅದರ ಬೆನ್ನು ಹತ್ತಬೇಕು.

"ನಡಿಗೆ ಇದ್ದ ಹಾಗೆ ಸಾರ್," ಎಂದ ಮ್ಯಾನೇಜರ್. "ಒಬ್ಬೊಬ್ಬರ ಕಣ್ಣಿನ ಓಟ ಒಂದೊಂದು ಥರ. ಇದು ತೆಗೆಯೋದು ನನಗೆ, ಮೇಸ್ತ್ರಿಗೆ ಮಾತ್ರ."

ಯಂತ್ರದ ದಾಖಲೆ: 6.12, ಮೇಸ್ತ್ರಿ. 7.45, ಮ್ಯಾನೇಜರ್, ಹೆಣ ಕಂಡಾಗ. ಗುಂಡಿಯ ಮೇಲೆ ಕೈಗವಸಿನ ರಕ್ತದ ಗುರುತು.

"ಅಂದ್ರೆ ಮೊದಲು ಕೊಲೆ, ಆಮೇಲೆ ಬಾಗಿಲು," ಎಂದರು ಇನ್‌ಸ್ಪೆಕ್ಟರ್.

"ಕಣ್ಣು ಹೋದ ಮೇಲೂ ಮೇಸ್ತ್ರಿಗೆ ಒಳ್ಳೇ ದೂರದೃಷ್ಟಿ ಸಾರ್," ಎಂದ ಕಾನ್‌ಸ್ಟೆಬಲ್.

"ಅವನ ಹೆಸರಲ್ಲಿ ಬೇರೆ ಯಾರದೋ ಕಣ್ಣಿದೆ ಕಣಯ್ಯ. ಎಲ್ಲರನ್ನೂ ಸಾಲಾಗಿ ನಿಲ್ಸು."

11.15. ಹದಿನೆಂಟು ಜನಕ್ಕೂ ಯಂತ್ರ "ಅಪರಿಚಿತ" ಎಂದಿತು. ಕಾನ್‌ಸ್ಟೆಬಲ್ ಯಂತ್ರದ ಮೂಗಿನ ದನಿ ತೆಗೆದು "ಮುಂದಿನ ಅಪರಿಚಿತರು ಬರಬೇಕು" ಎನ್ನುತ್ತಿದ್ದ. ಹತ್ತೊಂಬತ್ತನೆಯವನು ಎಲುಬು ಬಿಡಿಸುವವನು, ನಲವತ್ತರ ಆಸುಪಾಸು. ಕಪ್ಪು ಕನ್ನಡಕ.

"ಕಣ್ಣು ಬಂದಿದೆ ಸಾರ್."

"ನಿನಗೆ ಬಂದಿದೆ, ಮೇಸ್ತ್ರಿಗೆ ಹೋಗಿದೆ. ತೆಗಿಯೋ!"

ಅವನು ಸೊಂಟದಿಂದ ಚೂರಿ ತೆಗೆದ. ಕಾನ್‌ಸ್ಟೆಬಲ್‌ನ ತೋಳು ಮೊಣಕೈವರೆಗೆ ಸೀಳಿತು. ಇನ್‌ಸ್ಪೆಕ್ಟರ ಲಾಠಿಗೆ ಅವನ ಮಣಿಕಟ್ಟು ಲಟಕ್ಕೆಂದಿತು. ಕೂದಲು ಹಿಡಿದು ಪರದೆಯ ಮುಂದೆ ನಿಲ್ಲಿಸಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಕಾವಲುಗಾರ ರಕ್ತ ಕಾರ್ತಿದ್ದಾನೆ," ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದರು. "ನಿನ್ನ ಬದಲು ಅವನನ್ನ ಕೊಲ್ತಾರೆ. ನಿನ್ನಿಷ್ಟ."

ಅವನು ಕಣ್ಣು ಬಿಟ್ಟ. ಚುಕ್ಕೆ ಓಡಿತು.

"ಸ್ವಾಗತ, ಮೇಸ್ತ್ರಿ," ಎಂದಿತು ಯಂತ್ರ. ಬಾಗಿಲು ತೆರೆಯಿತು.

12.05ಕ್ಕೆ ಬಂಧನ. ಕಾವಲುಗಾರ ಆಸ್ಪತ್ರೆಗೆ ಹೋದ. ಹೇಳಿಕೆ ಶುರುವಾಯಿತು.

"ಈ ಯಂತ್ರಕ್ಕೆ ಕಣ್ಣಿನ ನೋಂದಣಿ ದಿನ ಮೇಸ್ತ್ರಿ ಕುಡಿದಿದ್ದ ಸಾರ್. ಚುಕ್ಕೆ ಒಂದು ಕಡೆ, ಕಣ್ಣು ಒಂದು ಕಡೆ. ಅವನ ಬದಲು ನನ್ನನ್ನ ಕೂರಿಸಿದ. ಅವತ್ತಿಂದ ಒಂದಿನ ರಜೆ ಇಲ್ಲ. ನಾನಿಲ್ದಿದ್ರೆ ಅವನ ಗುಟ್ಟು ರಟ್ಟಾಗುತ್ತಲ್ಲ."

"ಅಷ್ಟಕ್ಕೇ ಕೊಂದ್ಯಾ?"

"ಅಮ್ಮಂಗೆ ಹುಷಾರಿರಲಿಲ್ಲ. ನಾಲ್ಕು ದಿನದಿಂದ ಕಾಲು ಹಿಡಿದು ಕೇಳ್ದೆ. 'ನೀನು ಹೋದ್ರೆ ಬಾಗಿಲು ನಿಮ್ಮಪ್ಪ ತೆಗೀತಾನಾ' ಅಂದ. ಇವತ್ತು ಐದೂವರೆಗೆ ಅಕ್ಕ ಫೋನ್ ಮಾಡಿದ್ಲು."

ಬರೆಯುತ್ತಿದ್ದ ಪೆನ್ನು ನಿಂತಿತು.

"ಕೊನೇ ತನಕ ಅಮ್ಮ ಮನೆ ಬಾಗಿಲ ಕಡೇನೇ ನೋಡ್ತಿದ್ಲಂತೆ ಸಾರ್."